ಅತ್ತೆ ಟಾರ್ಚ್ ಹಿಡಿದರು, ನಾನು ಪೈಪು ಕಿತ್ತೆ

"ಯಾವ ಮೆಕ್ಯಾನಿಕ್ಕೂ ಬೇಡ! ಆ ಪೈಪು ನಾನೇ ಹಾಕ್ತೀನಿ!"

ಈ ಭೀಷ್ಮಪ್ರತಿಜ್ಞೆಯನ್ನು ನಾನು ಮಾಡಿದ್ದು ಶುಕ್ರವಾರ ಬೆಳಿಗ್ಗೆ, ಅಡುಗೆಮನೆಯ ಬಾಗಿಲಲ್ಲಿ, ಚಹಾ ಸೋಸುವ ಜಾಲರಿಯನ್ನು ಗದೆಯ ಹಾಗೆ ಮೇಲೆತ್ತಿಕೊಂಡು. ಹೂಮಳೆ ಸುರಿಸಲು ಆಕಾಶದಲ್ಲಿ ಯಾರೂ ನೆರೆದಿರಲಿಲ್ಲ. ಇದ್ದವರು ನನ್ನ ಅತ್ತೆ ಒಬ್ಬರೇ. ಅವರು ಬಟಾಣಿ ಬಿಡಿಸುತ್ತಾ ಕೂತಿದ್ದರು. ತಲೆ ಎತ್ತದೆಯೇ ಕೇಳಿದರು.

"ಯಾವ ಪೈಪು? ಬಚ್ಚಲಿಂದಾ?"

"ಅಲ್ಲ ಅತ್ತೆ, ಕಾರಿಂದು. ಎಂಜಿನ್ ಬಿಸಿಯಾಗದ ಹಾಗೆ ನೀರು ಓಡಾಡುತ್ತಲ್ಲ, ಆ ಪೈಪು. ಕೂಲಂಟ್ ಪೈಪು ಅಂತಾರೆ."

"ಓಹೋ. ಬಚ್ಚಲಿನ ನಲ್ಲಿ ರಿಪೇರಿ ಮಾಡಿದ್ಯಲ್ಲ, ಇದೂ ಹಾಗೇನಾ?"

ಬಚ್ಚಲಿನ ನಲ್ಲಿಯ ವಿಷಯ ಇಲ್ಲಿ ಅಪ್ರಸ್ತುತ. ಅದು ಈಗಲೂ ತೊಟ್ಟಿಕ್ಕುತ್ತಿದೆ ಎನ್ನುವುದು ಬೇರೆ ಮಾತು.

ಹಾಗೆ ನೋಡಿದರೆ ನನ್ನ ಧೈರ್ಯಕ್ಕೆ ಆಧಾರವಿಲ್ಲದೆ ಇರಲಿಲ್ಲ. ನಾನು ಹಲ್ಲಿನ ಡಾಕ್ಟರೊಬ್ಬರ ಬಳಿ ಸಹಾಯಕಿ. ಡಾಕ್ಟರು ಕೈ ಚಾಚಿದರೆ ಇಕ್ಕಳ ಕೊಡುವವಳು ನಾನು, ಬಾಯೊಳಗೆ ಲೈಟು ಬಿಡುವವಳು ನಾನು, ನೀರು ಹೀರುವ ಪೈಪು ಹಿಡಿಯುವವಳೂ ನಾನೇ. ಊರಿನ ಅರ್ಧದಷ್ಟು ಬಾಯಿಗಳ ಒಳಗೆ ಇಣುಕಿ ನೋಡಿದ ಹೆಂಗಸು ಒಂದು ಕಾರಿನ ಬಾಯಿಗೆ ಹೆದರುವುದುಂಟೇ? ಅದಕ್ಕೆ ನಾಲಿಗೆ ಕೂಡ ಇಲ್ಲ!

ಕಾರು ನನ್ನ ಗಂಡನದು. ಹೋದ ಚಳಿಗಾಲದ ಒಂದು ಬೆಳಿಗ್ಗೆ ಅವರು ಆಫೀಸಿಗೆ ಹೊರಟು, ಹೊರಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಶೂ ಲೇಸು ಕಟ್ಟಿಕೊಳ್ಳುತ್ತಿದ್ದರು. ಒಂದು ಕಾಲಿನದು ಕಟ್ಟಿ ಆಗಿತ್ತು. ಇನ್ನೊಂದು ಕಾಲಿನದು ಹಾಗೇ ಉಳಿಯಿತು. ಆಸ್ಪತ್ರೆಯಲ್ಲಿ ಹೃದಯ ಎಂದರು. ಆವತ್ತಿನಿಂದ ಮನೆಯಲ್ಲಿ ಉಳಿದವರು ಮೂವರು: ಅತ್ತೆ, ನಾನು, ಕಾರು. ಈ ಮೂವರಲ್ಲಿ ಮಾತಾಡುತ್ತಿದ್ದವರು ಇಬ್ಬರೇ, ಅದೂ ಜಗಳಕ್ಕೆ ಅಂತ. ಸಾರಿಗೆ ಉಪ್ಪು ಜಾಸ್ತಿ, ಕಿಟಕಿ ಯಾಕೆ ತೆಗೆದಿದೆ, ಟಿವಿ ಯಾಕೆ ಕೂಗ್ತಿದೆ. ಸತ್ತವರ ವಿಷಯವೊಂದನ್ನು ಬಿಟ್ಟು ಮಿಕ್ಕ ಎಲ್ಲದಕ್ಕೂ ಜಗಳವಾಡುತ್ತಿದ್ದೆವು.

ಹೀಗಿರುವಾಗ ಒಂದು ಮಧ್ಯಾಹ್ನ ನಾನು ಕ್ಲಿನಿಕ್ಕಿನಲ್ಲಿದ್ದಾಗ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ನಾನು ಸಂಜೆ ಬಂದು ಬಾಗಿಲು ತೆಗೆಯುವ ತನಕ ಅಲ್ಲೇ, ಗೋಡೆಗೆ ಒರಗಿಕೊಂಡು ಕೂತಿದ್ದರು. ಮೂಳೆ ಏನೂ ಮುರಿದಿರಲಿಲ್ಲ. ಮುರಿದದ್ದು ನನ್ನ ಧೈರ್ಯ. ಅವರು ಮಾತ್ರ ನನ್ನನ್ನು ನೋಡಿ, "ಇವತ್ತು ಯಾಕೆ ಇಷ್ಟು ಲೇಟು?" ಎಂದು ಗದರಿದ್ದರು.

ವಿಷಯ ತಿಳಿದ ನಾದಿನಿ ಫೋನು ಮಾಡಿದಳು. ಅವಳ ಮನೆ ನಮ್ಮಲ್ಲಿಂದ ಅರ್ಧ ದಿನದ ದಾರಿ.

"ಅತ್ತಿಗೆ, ಅಮ್ಮನ್ನ ನಮ್ಮನೆಗೆ ಕಳಿಸಿಬಿಡಿ. ಇಲ್ಲಿ ಇಡೀ ದಿನ ಯಾರಾದ್ರೂ ಇದ್ದೇ ಇರ್ತೀವಿ. ನೀವು ಕೆಲಸಕ್ಕೆ ಹೋಗಬೇಕೋ, ಅವರನ್ನ ಕಾಯಬೇಕೋ?"

ಅವಳ ಮಾತಿನಲ್ಲಿ ಒಂದಾದರೂ ತಪ್ಪು ಸಿಕ್ಕೀತೇ ಎಂದು ಹುಡುಕಿದೆ, ಸಿಗಲಿಲ್ಲ. ಅತ್ತೆಯನ್ನು ಕೇಳಿದೆ.

"ನಿಮಗೇನನ್ಸುತ್ತೆ ಅತ್ತೆ?"

"ನನಗೇನು? ನಿನಗೆ ಹೇಗೆ ಅನುಕೂಲವೋ ಹಾಗೆ."

"ನನಗೇನಿಲ್ಲ. ನಿಮಗೆ ಹೇಗೆ ಅನುಕೂಲವೋ ಹಾಗೆ."

ಹೀಗೆ ಅನುಕೂಲವನ್ನು ಒಬ್ಬರ ತಟ್ಟೆಯಿಂದ ಇನ್ನೊಬ್ಬರ ತಟ್ಟೆಗೆ ಬಡಿಸುತ್ತಾ ಬಡಿಸುತ್ತಾ, ಭಾನುವಾರ ಹೊರಡುವುದು ಎಂದು ತೀರ್ಮಾನವಾಗಿ ಹೋಯಿತು! ತೀರ್ಮಾನ ಮಾಡಿದ್ದು ಯಾರು ಎಂದು ಕೇಳಿದರೆ ಇವತ್ತಿಗೂ ನನಗೆ ಗೊತ್ತಿಲ್ಲ.

"ಟ್ಯಾಕ್ಸಿ ಕಳಿಸ್ತೀನಿ" ಎಂದಳು ನಾದಿನಿ. ಆ ಮಾತು ಮಾತ್ರ ನನಗೆ ನಾಟಿತು. ಇಷ್ಟು ವರ್ಷ ಒಂದೇ ಸೂರಿನಡಿ ಬದುಕಿದವರನ್ನು ಗುರುತಿಲ್ಲದ ಡ್ರೈವರಿನ ಹಿಂದೆ ಕೂರಿಸಿ, ಸಾಮಾನಿನ ಹಾಗೆ ರವಾನಿಸುವುದೇ?

"ಟ್ಯಾಕ್ಸಿ ಯಾಕಮ್ಮ? ನಾನೇ ಕರ್ಕೊಂಡು ಬಂದು ಬಿಡ್ತೀನಿ. ಅವರ ಮಗನ ಕಾರಲ್ಲೇ!"

ಹೇಳಿದ್ದೇನೋ ಹೇಳಿದೆ. ಕಾರು ತಿಂಗಳುಗಟ್ಟಲೆ ನಿಂತಲ್ಲೇ ನಿಂತಿತ್ತು. ಬ್ಯಾಟರಿಯನ್ನು ಎಬ್ಬಿಸಿ, ಧೂಳು ಒರೆಸಿ, ಪರೀಕ್ಷೆಗೆಂದು ನಮ್ಮ ಬೀದಿಯನ್ನು ಒಂದು ಸುತ್ತು ಹಾಕಿದೆ. ಮೂಲೆ ತಿರುಗುವಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಹಬೆ ಬುಸುಗುಟ್ಟಿತು. ಮುಂದಿನ ಗಾಜು ಪೂರ್ತಿ ಬೆಳ್ಳಗಾಯಿತು. ಕೆಳಗೆ ಹಸಿರು ನೀರು ಹರಿಯತೊಡಗಿತು. ಉಷ್ಣತೆ ತೋರಿಸುವ ಮುಳ್ಳು ಕೆಂಪು ಗೆರೆಯ ಮೇಲೆ ಹತ್ತಿ ಕೂತಿತ್ತು. ಕಾರಿಗೆ ತಲೆಬಿಸಿ, ಅದಕ್ಕಿಂತ ಹೆಚ್ಚು ನನಗೆ!

ನಮ್ಮ ಮೆಕ್ಯಾನಿಕ್ಕಿಗೆ ನನ್ನ ಗಂಡ ಇಟ್ಟಿದ್ದ ಹೆಸರು 'ನಾಳೆ ಮೇಸ್ತ್ರಿ'. ಅವನು ಫೋನಿನಲ್ಲೇ ರೋಗ ಹೇಳಿದ.

"ಮೇಲಿನ ಪೈಪು ಬಿರುಕು ಬಿಟ್ಟಿರುತ್ತೆ ಮೇಡಂ. ರಬ್ಬರ್ ಅಲ್ವಾ, ನಿಂತು ನಿಂತು ಒಣಗಿರುತ್ತೆ. ನಾಳೆ ಬಂದು ಹಾಕ್ಕೊಡ್ತೀನಿ."

ಬುಧವಾರವೂ ನಾಳೆ, ಗುರುವಾರವೂ ನಾಳೆ. ಶುಕ್ರವಾರ ಬೆಳಿಗ್ಗೆ ಮತ್ತೆ 'ನಾಳೆ' ಎಂದಾಗ ನಾನು ಜಾಲರಿ ಎತ್ತಿದ್ದು.

ಆ ಸಂಜೆ ಗಂಡನ ಟೂಲ್ ಬಾಕ್ಸು ತೆಗೆದೆ. ದೊಡ್ಡ ಕೆಂಪು ಪೆಟ್ಟಿಗೆ. ಮನೆಗೆ ಬಂದವರಿಗೆಲ್ಲ ಕಾಣುವ ಹಾಗೆ ಇಟ್ಟುಕೊಂಡಿದ್ದರು, ಆದರೆ ಯಾರ ಮುಂದೆಯೂ ತೆಗೆದಿರಲಿಲ್ಲ. ಒಳಗೆ ಒಂದು ಸ್ಕ್ರೂಡ್ರೈವರು, ಗಟ್ಟಿಯಾಗಿ ಹೋದ ಒಂದು ಅಂಟಿನ ಟ್ಯೂಬು, ಮತ್ತೆ ಪ್ಲಂಬರು, ಎಲೆಕ್ಟ್ರಿಷಿಯನ್ನು, ಬಡಗಿ, ಫ್ರಿಜ್ ರಿಪೇರಿಯವರ ವಿಸಿಟಿಂಗ್ ಕಾರ್ಡುಗಳ ಒಂದು ಕಟ್ಟು! ಅದಕ್ಕೆ ರಬ್ಬರ್ ಬ್ಯಾಂಡು ಬೇರೆ. ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತು ಸ್ವಲ್ಪ ಹೊತ್ತು ನಕ್ಕೆ. ಆಮೇಲೆ ಮುಚ್ಚಳ ಹಾಕಿ ಅದರ ಮೇಲೆ ಕೈಯಿಟ್ಟುಕೊಂಡು ಇನ್ನೂ ಸ್ವಲ್ಪ ಹೊತ್ತು ಕೂತೆ.

ಇಕ್ಕಳ ಮಾತ್ರ ಇರಲಿಲ್ಲ. ಚಿಂತೆಯಿರಲಿಲ್ಲ, ಕ್ಲಿನಿಕ್ಕಿನಿಂದ ಬರುವಾಗ ಬುದ್ಧಿಹಲ್ಲು ಕೀಳುವ ಇಕ್ಕಳವನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬಂದಿದ್ದೆ. ಡಾಕ್ಟರಿಗೆ ಹೇಳದೆ ತಂದೆ ಎನ್ನುವುದಕ್ಕಿಂತ, ಹೇಳಲು ಮರೆತು ತಂದೆ ಎನ್ನುವುದು ಮರ್ಯಾದೆ.

ಶನಿವಾರ ರಜಾ ಹಾಕಿದೆ. ಗಂಡನ ಹಳೆಯ ನೀಲಿ ಚೌಕುಳಿ ಶರ್ಟು ಹಾಕಿಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು ಅಂಗಳಕ್ಕಿಳಿದೆ. ಅತ್ತೆ ಆಗಲೇ ಕುರ್ಚಿ ತಂದು ಹಾಕಿಕೊಂಡಿದ್ದರು. ಕೈಯಲ್ಲಿ ಟಾರ್ಚು.

"ಟಾರ್ಚ್ ಯಾಕೆ ಅತ್ತೆ, ಹಗಲು ಹೊತ್ತಲ್ಲಿ?"

"ಒಳಗೆ ಕತ್ತಲೆ ಇರುತ್ತೆ. ನಿನ್ನ ತಲೆ ಬೇರೆ ಅಡ್ಡ ಬರುತ್ತೆ." ಹಾಗೆಂದವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಅದು ನನ್ನ ಮಗನ ಶರ್ಟು."

"ನನ್ನ ಗಂಡಂದೂ ಹೌದು ಅತ್ತೆ."

"ಗ್ರೀಸ್ ಆಗುತ್ತೆ."

"ಗ್ರೀಸ್ ಆಗಲಿ ಅಂತಾನೇ ಹಾಕ್ಕೊಂಡಿರೋದು."

ಇದಕ್ಕೊಂದು ಮಹಾಯುದ್ಧ ಕಾದಿದೆ ಎಂದುಕೊಂಡೆ. ಅವರು ಎದ್ದು ಹತ್ತಿರ ಬಂದರು. ನನ್ನ ಬೆರಳುಗಳನ್ನೂ ಮುಚ್ಚಿ ಜೋತಾಡುತ್ತಿದ್ದ ತೋಳುಗಳನ್ನು ಒಂದು ಮಡಿಕೆ ಮಡಿಸಿ, ಎರಡೂ ಮಣಿಕಟ್ಟಿನ ಗುಂಡಿ ಹಾಕಿದರು. "ಬಿಸಿ ಗಿಸಿ ತಗುಲೀತು" ಎಂದು ವಾಪಸ್ಸು ಹೋಗಿ ಕೂತರು.

ಮೊಬೈಲಿನ ವೀಡಿಯೋದಲ್ಲಿ ಒಬ್ಬ ದಪ್ಪ ಮೀಸೆಯ ಮನುಷ್ಯ ಈ ಕೆಲಸವನ್ನು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾಡಿದ್ದ. ಮೊದಲು ರೇಡಿಯೇಟರಿನ ನೀರಿಳಿಸಬೇಕಂತೆ. ಅತ್ತೆಯ ಬಟ್ಟೆ ನೆನೆಸುವ ಟಬ್ಬನ್ನು ಕೆಳಗಿಟ್ಟು, ಕಾರಿನಡಿ ತೂರಿ, ತಳದ ತಿರುಪನ್ನು ತಿರುಗಿಸಿದೆ. ಮೊದಲು ಏನೂ ಬರಲಿಲ್ಲ. ಇನ್ನೂ ತಿರುಗಿಸಿದೆ. ತಿರುಪು ಕೈಗೇ ಬಂತು! ಹಸಿರು ನೀರು ಟಬ್ಬನ್ನು ಬಿಟ್ಟು ಮಿಕ್ಕ ಎಲ್ಲ ಕಡೆಗೂ ನುಗ್ಗಿತು: ಕಂಕುಳಿಗೆ, ಕಿವಿಗೆ, ಅಂಗಳಕ್ಕೆ, ಗೇಟಿನಾಚೆಯ ಬೀದಿಗೆ.

"ಯಾರು ಯಾರ ನೀರಿಳಿಸ್ತಿದ್ದೀರಿ?" ಎಂದರು ಅತ್ತೆ, ಕುರ್ಚಿಯಿಂದ.

ಬೀದಿಯ ನಾಯಿ ನೆಕ್ಕೀತು, ಅದು ವಿಷ ಎಂದು ಮೀಸೆಯ ಮನುಷ್ಯ ಎಚ್ಚರಿಸಿದ್ದ. ಪೈಪಿನ ಕೆಲಸ ಅಲ್ಲಿಗೇ ಬಿಟ್ಟು, ಅಂಗಳ ಮತ್ತು ಬೀದಿ ತೊಳೆದೆ. ಅತ್ತೆ ಕುರ್ಚಿಯನ್ನು ಗೇಟಿಗೆ ಸಾಗಿಸಿ, ಟಾರ್ಚನ್ನು ದೊಣ್ಣೆಯಂತೆ ಹಿಡಿದು ನಾಯಿ ಕಾದರು.

ಆಮೇಲೆ ಪೈಪು. ಅತ್ತೆಯ ಕುರ್ಚಿಯೂ ಕಾರಿನ ಬಳಿಗೆ ವಾಪಸ್ಸು ಬಂತು. ಅದರ ಎರಡೂ ತುದಿಗಳನ್ನು ಎರಡು ಕ್ಲಿಪ್ಪುಗಳು ಕಚ್ಚಿ ಹಿಡಿದಿದ್ದವು. ಬುದ್ಧಿಹಲ್ಲಿನ ಇಕ್ಕಳದಿಂದ ಒಂದನ್ನು ಹಿಡಿದು ಅದುಮಿದೆ. ಅದು ಟಣ್ಣನೆ ಹಾರಿ ಅತ್ತೆಯ ಮಡಿಲಲ್ಲಿ ಬಿತ್ತು. ಅವರು ಅದನ್ನು ಎರಡು ಬೆರಳಲ್ಲಿ ಎತ್ತಿ, "ಒಂದು ಹಲ್ಲು ಬಂತು" ಎಂದರು. ಎರಡನೆಯದು ಎಂಜಿನ್ನಿನ ಕಡೆಗಿತ್ತು, ಒಳಗೆ, ಸಂದಿಯಲ್ಲಿ. ಅದನ್ನು ಬಿಚ್ಚಿದೆನೋ ಇಲ್ಲವೋ, ಎಣ್ಣೆಗೈಯಿಂದ ಇಕ್ಕಳವೇ ಜಾರಿ, ಟಣ್ ಟಣ್ ಎನ್ನುತ್ತಾ ಎಂಜಿನ್ನಿನ ಹೊಟ್ಟೆಯೊಳಗೆ ಮಾಯವಾಯಿತು.

ಸೋಮವಾರ ಬೆಳಿಗ್ಗೆ ಡಾಕ್ಟರು ಕೈ ಚಾಚುತ್ತಾರೆ. ನಾನು ಏನು ಕೊಡಲಿ? ಸ್ಕ್ರೂಡ್ರೈವರೇ?

ಹಿಂದುಮುಂದು ನೋಡದೆ ಸಂದಿಗೆ ಬಲಗೈ ತೂರಿಸಿದೆ. ಮೊಣಕೈವರೆಗೂ ಹೋಯಿತು. ಇನ್ನೂ ಹೋಯಿತು. ಬೆರಳಿಗೆ ಏನೂ ಸಿಗಲಿಲ್ಲ. ಹೊರಕ್ಕೆ ಎಳೆದೆ. ಬರಲಿಲ್ಲ. ಮತ್ತೆ ಎಳೆದೆ. ಒಳಗೆ ಎಲ್ಲೋ, ಯಾವುದೋ ಕೊಂಡಿಗೆ, ಶರ್ಟಿನ ತೋಳು ಗುಂಡಿ ಸಮೇತ ಸಿಕ್ಕಿಕೊಂಡಿತ್ತು.

"ಅತ್ತೆ."

"ಏನು?"

"ಏನಿಲ್ಲ."

"ಏನಿಲ್ಲ ಅಂದ್ರೆ ಕೈ ಯಾಕೆ ಆಚೆ ಬರ್ತಿಲ್ಲ?"

ಸತ್ಯ ಒಪ್ಪಿಕೊಂಡೆ. ಅತ್ತೆ ಟಾರ್ಚು ಬಿಟ್ಟು ನೋಡಿದರು, ಕಾಣಲಿಲ್ಲ. ನನ್ನ ಸೊಂಟ ಹಿಡಿದು ಎಳೆದರು, ನಾನು ಕೂಗಿಕೊಂಡೆ.

"ಎದುರುಮನೆಯವರನ್ನ ಕರೀಲಾ?"

"ಬೇಡಿ ಅತ್ತೆ! ಮಾನ ಹೋಗುತ್ತೆ!"

"ಕೈ ಹೋದ್ರೆ ಪರವಾಗಿಲ್ವಾ?"

ಒಳಗೆ ಹೋಗಿ ಅಡುಗೆ ಎಣ್ಣೆಯ ಬಾಟಲಿ ತಂದು ನನ್ನ ಭುಜದಿಂದ ಶುರು ಮಾಡಿ ಧಾರಾಳವಾಗಿ ಸುರಿದರು. ಚರ್ಮ ನುಣುಪಾಯಿತು, ಬಟ್ಟೆ ಜಗ್ಗಲಿಲ್ಲ. ಇನ್ನು ಕರಿಯುವುದೊಂದು ಬಾಕಿ ಎನ್ನಿಸಿತು. ಅತ್ತೆ ಸುಸ್ತಾಗಿ ಕುರ್ಚಿಯನ್ನು ನನ್ನ ಪಕ್ಕಕ್ಕೇ ಎಳೆದುಕೊಂಡು ಕೂತರು. ನಾನು ಬಾನೆಟ್ಟಿನಡಿ ಬಗ್ಗಿ, ಕೆನ್ನೆಯನ್ನು ಬ್ಯಾಟರಿಗೆ ಒತ್ತಿಕೊಂಡು ನಿಂತಿದ್ದೆ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನಮ್ಮಿಬ್ಬರ ಮುಖಗಳು ಇಷ್ಟು ಹತ್ತಿರ, ಇಷ್ಟು ಹೊತ್ತು ಇದ್ದದ್ದೇ ಇಲ್ಲ. ಜಗಳ ಬಂದಾಗ ಅಡುಗೆಮನೆಗೆ ಹೋಗಿಬಿಡುವ ನನ್ನ ಹಳೆಯ ಉಪಾಯ ಇಲ್ಲಿ ನಡೆಯುವಂತಿರಲಿಲ್ಲ.

"ನನ್ನ ಮಗ ಇದ್ದಿದ್ರೆ ಚಿಟಿಕೆ ಹೊಡೆಯೋದ್ರೊಳಗೆ ಈ ಪೈಪು ಹಾಕಿರೋನು" ಎಂದರು ಅತ್ತೆ.

ಕೈ ನೋಯುತ್ತಿತ್ತು, ಬೆನ್ನು ನೋಯುತ್ತಿತ್ತು, ಮೂಗಿನ ತುದಿಯಲ್ಲಿ ಎಣ್ಣೆ ತೊಟ್ಟಿಕ್ಕುತ್ತಿತ್ತು. ಬಾಯಿ ಮಾತ್ರ ಖಾಲಿ ಇತ್ತು.

"ನಿಮ್ಮ ಮಗನಾ? ಅತ್ತೆ, ನಿಮ್ಮ ಮಗ ಬಲ್ಬು ಬದಲಾಯಿಸೋಕೆ ಎಲೆಕ್ಟ್ರಿಷಿಯನ್ ಕರೆಸ್ತಿದ್ರು! ಅವನು ಬಲ್ಬ್ ಹಾಕುವಾಗ ಕೆಳಗೆ ನಿಂತ್ಕೊಂಡು, 'ಹಾಂ, ಹಾಗೇ, ಹಾಗೇ' ಅಂತಿದ್ರು!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಹೋದ ಮೇಲೆ ಅತ್ತೆಯೆದುರು ನಾನು ಅವರ ಬಗ್ಗೆ ಆಡಿದ ಮೊದಲ ಮಾತು, ಹೀಗೆ, ಬಯ್ಗುಳವಾಗಿ ಹೊರಬಿತ್ತಲ್ಲ! ಕಾರಿನೊಳಗೆ ಎಲ್ಲೋ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು.

"ಇಸ್ತ್ರಿಪೆಟ್ಟಿಗೆ ಕತೆ ಹೇಳಿದ್ನಾ ನಿಂಗೆ?" ಎಂದರು ಅತ್ತೆ.

"ಇಲ್ವಲ್ಲ."

"ಹೇಳಿರಲ್ಲ, ಕಳ್ಳ. ಹೈಸ್ಕೂಲಲ್ಲಿದ್ದಾಗ ನಮ್ಮ ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡಿದ. ಆಮೇಲೆ ಅದನ್ನ ಹಾಕಿದಾಗೆಲ್ಲ ಇಡೀ ಬೀದಿ ಕರೆಂಟು ಹೋಗೋದು. ಬೀದಿಯವರು ಬಂದು, 'ನಿಮ್ಮನೇಲಿ ಇಸ್ತ್ರಿ ಮಾಡೋ ದಿನ ಸ್ವಲ್ಪ ಮುಂಚೆ ಹೇಳಿಬಿಡಿ, ನಾವು ಅಡುಗೆ ಮುಗಿಸ್ಕೋತೀವಿ' ಅಂತಿದ್ರು. ಅವನು ಏನಂದ ಗೊತ್ತಾ? 'ಅಮ್ಮ, ಪೆಟ್ಟಿಗೆ ಸರಿ ಇದೆ, ಬೀದಿ ವೈರಿಂಗೇ ಸರಿ ಇಲ್ಲ' ಅಂದ!"

ಅವರದೇ ದನಿ! ಬೀದಿ ವೈರಿಂಗೇ ಸರಿ ಇಲ್ಲ! ನಾನು ನಕ್ಕೆ. ನಕ್ಕಾಗ ಕೈ ಒಳಗೆ ಗೀರಿತು, 'ಅಯ್ಯೋ' ಅಂದೆ, ಆದರೂ ನಗು ನಿಲ್ಲಲಿಲ್ಲ. ಅತ್ತೆಯೂ ನಕ್ಕರು. ಹಲ್ಲಿನ ಸೆಟ್ಟು ಜಾರದಂತೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು, ಭುಜ ಕುಲುಕುಲು ಅಲ್ಲಾಡಿಸುತ್ತಾ ನಕ್ಕರು. ಆ ಅಂಗಳದಲ್ಲಿ ನಗು ಕೇಳಿ ಎಷ್ಟು ಕಾಲವಾಗಿತ್ತೋ. ಹಾಗೇ ನೋಡುತ್ತಿದ್ದೆ. ರೇಡಿಯೇಟರಿನ ಮೇಲೆ ಬಿದ್ದಿದ್ದ ಟಾರ್ಚಿನ ಬೆಳಕು ನಡುಗತೊಡಗಿತು. ನಗು ನಿಂತ ಮೇಲೂ ಅದು ನಡುಗುತ್ತಲೇ ಇತ್ತು.

"ಆವತ್ತು ನಾನು ಒಳಗೆ ಹಾಸಿಗೆ ಮಡಚ್ತಿದ್ದೆ" ಎಂದರು ಅತ್ತೆ. "'ಅಮ್ಮ, ಬರ್ತೀನಿ' ಅಂದ. ನಾನು 'ಹೂಂ' ಅಂದೆ ಅಷ್ಟೆ. ಆಚೆ ಬಂದು ನೋಡ್ಬಹುದಿತ್ತು."

"ನಾನು ಸ್ನಾನಕ್ಕೆ ಹೋಗಿದ್ದೆ ಅತ್ತೆ. 'ಹೂಂ' ಕೂಡ ಅನ್ನಲಿಲ್ಲ."

ಅವರು ತಮ್ಮ ಸೆರಗಿನ ತುದಿಯಿಂದ ನನ್ನ ಮೂಗಿನ ತುದಿಯ ಎಣ್ಣೆ ಒರೆಸಿದರು. ಹಾಗೇ ಕಣ್ಣನ್ನೂ ಒರೆಸಿದರು. ನನ್ನ ಎಡಗೈ ಖಾಲಿಯೇ ಇತ್ತು. ಅದನ್ನು ಚಾಚಿ ಅವರ ಕೈ ಹಿಡಿದುಕೊಳ್ಳಬಹುದಿತ್ತು ಎಂದು ಈಗ ಹೊಳೆಯುತ್ತದೆ.

"ನಾನು ಹೋದ್ಮೇಲೆ ನಿಂಗೆ ಹಾಯಾಗಿರುತ್ತೆ ಬಿಡು" ಎಂದರು. "ಬೈಯೋರು ಯಾರೂ ಇರಲ್ಲ."

ನೋಡಿ, ಇಲ್ಲಿ ನಾನು ಬಾಯಿಬಿಟ್ಟು ಒಂದು ಮಾತು ಹೇಳಬೇಕಾಗಿತ್ತು. ಊರವರ ಬಾಯೆಲ್ಲ ತೆರೆಸುವವಳ ಬಾಯಿಂದ ಆ ಒಂದು ಮಾತು ಹೊರಡಲಿಲ್ಲ. ಮಗಳ ಮನೆಯಲ್ಲಿ ಹಾಯಾಗಿರಬೇಕು ಎಂದು ಅವರಿಗೇ ಆಸೆಯಿದ್ದರೆ? ನಾನು ತಡೆದಂತಾದರೆ? ಮತ್ತೊಮ್ಮೆ ಬಚ್ಚಲಲ್ಲಿ ಬಿದ್ದರೆ? ಇಷ್ಟೆಲ್ಲ ಯೋಚಿಸಿ ನನ್ನ ಘನಬುದ್ಧಿ ಕೊಟ್ಟ ಉತ್ತರ ಏನು ಗೊತ್ತೇ?

"ಹೂಂ, ಹಾಯಾಗಿರುತ್ತೆ. ನಿಮಗೂ ಅಷ್ಟೆ, ಮಗಳ ಮನೆ."

"ಹೂಂ" ಎಂದು ಅತ್ತೆ ಎದ್ದರು. ಒಳಗೆ ಹೋಗಿ ಕತ್ತರಿ ತಂದರು.

"ಅತ್ತೆ, ಶರ್ಟು..."

"ಶರ್ಟು ಇಲ್ಲಿರುತ್ತೆ. ನೀನು ಇಲ್ಲೇ ಇರೋಕಾಗುತ್ತಾ?"

ಭುಜದ ಹೊಲಿಗೆಗೆ ಕತ್ತರಿ ಇಟ್ಟು ಒಂದು ಕ್ಷಣ ನಿಂತರು. "ಒಳ್ಳೆ ಬಟ್ಟೆ" ಎಂದರು. ಆಮೇಲೆ ಒಂದೇ ಸಮನೆ ಕತ್ತರಿಸಿದರು. ತೋಳು ಬೇರೆಯಾಯಿತು. ಎಣ್ಣೆ ಸವರಿದ ನನ್ನ ಕೈ ಜುಯ್ಯನೆ ಹೊರಬಂತು, ನಾನು ಹಿಂದಕ್ಕೆ ಹೋಗಿ, ಅಂಗಳ ತೊಳೆಯುವಾಗ ಸರಿಸಿಟ್ಟಿದ್ದ ಟಬ್ಬಿನಲ್ಲಿ ಕೂತೆ. ಖಾಲಿ ತೋಳು ಒಳಗೇ ನೇತಾಡುತ್ತಿತ್ತು. ಅತ್ತೆ ಅದನ್ನು ನಿಧಾನಕ್ಕೆ ಅತ್ತಿತ್ತ ಆಡಿಸಿ, ಕೊಂಡಿಯಿಂದ ಬಿಡಿಸಿ, ಹೊರಗೆಳೆದು ಕೊಡವಿ ತಮ್ಮ ಹೆಗಲಿಗೆ ಹಾಕಿಕೊಂಡರು.

"ಅದು ಸರಿ, ಒಳಗೆ ಏನು ಹುಡುಕ್ತಿದ್ದೆ ಅಷ್ಟು ಹೊತ್ತು?"

"ಇಕ್ಕಳ ಅತ್ತೆ! ಡಾಕ್ಟರ ಇಕ್ಕಳ! ಒಳಗೆ ಬಿದ್ದುಹೋಯ್ತು!"

"ಅದಾ? ಅದು ಆಗ್ಲೇ ತೂರ್ಕೊಂಡು ಕೆಳಗೆ ನೆಲದ ಮೇಲೆ ಬಿತ್ತಲ್ಲ. ಅಗೋ, ಚಕ್ರದ ಹತ್ರ. ನೀನು ಇನ್ನೇನೋ ಹುಡುಕ್ತಿದ್ದೀಯ ಅಂದ್ಕೊಂಡೆ."

ಟಬ್ಬಿನಲ್ಲೇ ಕೂತು ಆಕಾಶ ನೋಡಿದೆ.

ಅಂಟಿಕೊಂಡಿದ್ದ ಹಳೆಯ ಪೈಪನ್ನು ಬ್ಲೇಡಿನಿಂದ ಸೀಳಿ ಕಿತ್ತೆ. ಒಂದು ತೋಳಿನ ಶರ್ಟಿನಲ್ಲೇ ಆಟೋ ಹಿಡಿದು ಬಿಡಿಭಾಗದ ಅಂಗಡಿಗೆ ಓಡಿದೆ. ಅಂಗಡಿಯವನು ಪೈಪನ್ನು ನೋಡಿದ, ಎಣ್ಣೆ ಸುರಿಯುತ್ತಿದ್ದ ನನ್ನನ್ನು ನೋಡಿದ, ಏನೂ ಕೇಳದೆ ಅದೇ ಅಳತೆಯದು ಕೊಟ್ಟು, ಹಾಕಲು ಕೂಲಂಟಿನ ಕ್ಯಾನನ್ನೂ ಮುಂದಿಟ್ಟ. ಮನೆಗೆ ಬಂದರೆ ಅತ್ತೆ ಒಲೆಯ ಮೇಲೆ ನೀರು ಕಾಯಿಸಿಟ್ಟಿದ್ದರು. ಬಿಸಿನೀರಲ್ಲಿ ಅದ್ದಿದರೆ ರಬ್ಬರು ಮೆತ್ತಗಾಗುತ್ತದೆ ಎಂದು ಮೀಸೆಯವನು ಹೇಳಿದ್ದನ್ನು ನನ್ನ ಹಿಂದೆ ನಿಂತು ಅವರೂ ಕೇಳಿಸಿಕೊಂಡಿದ್ದರಂತೆ. ಪೈಪಿಗೆ ಸೋಪು ಸವರಿ, ಒಂದು ತುದಿ ನಾನು, ಒಂದು ತುದಿ ಅವರು ಹಿಡಿದು ಒತ್ತಿದೆವು. ಬಟ್ಟೆ ಹಿಂಡಿ ಹಿಂಡಿ ಗಟ್ಟಿಯಾದ ಕೈ ಅವರದು. ಅವರ ತುದಿಯೇ ಮೊದಲು ಕೂತಿತು.

"ಇನ್ನೂ ಬಿಗಿ ಮಾಡು" ಎಂದರು, ನಾನು ಕ್ಲಿಪ್ಪು ಹಾಕುವಾಗ.

"ಆಯ್ತು ಅತ್ತೆ."

"ಆಗಿಲ್ಲ. ನಿನ್ನ ಆಯ್ತು ನಂಗೊತ್ತಿಲ್ವಾ?"

ತಳದ ತಿರುಪು ಬಿಗಿದು ಕೂಲಂಟ್ ತುಂಬಿಸಿದೆ. ಎಂಜಿನ್ ಚಾಲೂ ಮಾಡಿದೆ. ಟಾರ್ಚು ಹಿಡಿದು ಬಗ್ಗಿದ್ದ ಅತ್ತೆ ಗಟ್ಟಿಯಾಗಿ ಕೂಗಿದರು. "ಸೋರ್ತಿದೆ! ಸೋರ್ತಿದೆ!" ಆ ದನಿಯಲ್ಲಿ ಎಷ್ಟು ಉತ್ಸಾಹ ಇತ್ತೆಂದರೆ, ಓಡಿಬಂದ ನಾನು ಏನೋ ಒಳ್ಳೆಯದೇ ಆಗಿರಬೇಕು ಎಂದುಕೊಂಡೆ. ಕ್ಲಿಪ್ಪು ವಾರೆಯಾಗಿ ಕೂತಿತ್ತು. ಎಂಜಿನ್ ಆರಿಸಿ, ಆರಲು ಬಿಟ್ಟು, ಕ್ಲಿಪ್ಪನ್ನು ನೇರ ಮಾಡಿ, ಕಡಿಮೆಯಾದಷ್ಟು ಮತ್ತೆ ತುಂಬಿಸಿ, ಮತ್ತೆ ಚಾಲೂ ಮಾಡಿದೆ.

ಈ ಸಲ ಏನೂ ಬೀಳಲಿಲ್ಲ. ನಾವಿಬ್ಬರೂ ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ನೆಲ ನೋಡಿದೆವು. ಟಾರ್ಚಿನ ಬೆಳಕಲ್ಲಿ ನೆಲ ಒಣಗಿಕೊಂಡೇ ಇತ್ತು. ಎದ್ದು ಹೋಗಿ ಚಹಾ ಕುಡಿಯಬಹುದಿತ್ತು. ಇಬ್ಬರೂ ಏಳಲಿಲ್ಲ. ಒಂದು ಹನಿಯಾದರೂ ಬಿದ್ದೀತು ಎಂದು ಕಾಯುವವರ ಹಾಗೆ ಕೂತೇ ಇದ್ದೆವು.

"ಹನಿ ಇಲ್ಲ" ಎಂದೆ.

"ಇಲ್ಲ" ಎಂದರು ಅತ್ತೆ. ಟಾರ್ಚು ಆರಿಸಿದರು.

ಭಾನುವಾರ ಅತ್ತೆಯ ಎರಡು ಬ್ಯಾಗು, ಒಂದು ದಿಂಬು, ಮಾತ್ರೆಯ ಡಬ್ಬಿ ಹಿಂದಿನ ಸೀಟಿಗೆ ಹೋದವು. ಅವರ 'ಸಾಮಾನು' ಇಷ್ಟೇ ಎಂದು ನಾನು ಅಂದುಕೊಂಡಿರಲಿಲ್ಲ. ಮನೆಯಲ್ಲಿ ಎಲ್ಲಿ ನೋಡಿದರೂ ಅವರದೇ ವಸ್ತು ಕಾಲಿಗೆ ತೊಡರುತ್ತದೆ ಎಂದು ಅಷ್ಟೊಂದು ಗೊಣಗಿದ್ದವಳು ನಾನು. ಅತ್ತೆ ಮುಂದಿನ ಸೀಟಿನಲ್ಲಿ ಕೂತು, ಬೆಲ್ಟು ಹಾಕಿಸಿಕೊಂಡು, ಮನೆಯ ಕಡೆ ನೋಡದೆ ಮುಳ್ಳಿನ ಕಡೆ ನೋಡತೊಡಗಿದರು.

ಮುಳ್ಳು ಮೆಲ್ಲಗೆ ಮೇಲೇರಿ, ಮಧ್ಯಕ್ಕೆ ಬಂದು, ಅಲ್ಲೇ ನಿಂತಿತು. ಶಿಸ್ತಿನ ಸಿಪಾಯಿ!

"ಅದು ಕೆಂಪಿಗೆ ಹೋದ್ರೆ ಏನ್ಮಾಡ್ಬೇಕು?" ಎಂದು ಕೇಳಿದರು.

"ಗಾಡಿ ನಿಲ್ಲಿಸ್ಬೇಕು ಅತ್ತೆ."

"ಆಮೇಲೆ?"

"ತಣ್ಣಗಾದ ಮೇಲೆ ವಾಪಸ್ ಮನೆಗೆ ಹೋಗ್ಬೇಕು. ಅಷ್ಟು ದೂರ ಹೋಗೋಕಾಗಲ್ಲ."

"ಹೂಂ."

ಊರು ದಾಟಿದೆವು. ಮುಳ್ಳು ಕದಲಲಿಲ್ಲ. ಏರುದಾರಿ ಬಂತು. ಲಾರಿಗಳು ಏದುಸಿರು ಬಿಡುತ್ತಾ ಹತ್ತುತ್ತಿದ್ದವು, ಒಂದೆರಡು ಬದಿಗೆ ನಿಂತು ಬಾನೆಟ್ಟು ತೆರೆದುಕೊಂಡಿದ್ದವು. ಅತ್ತೆ ಆ ಲಾರಿಗಳನ್ನು ಆಸೆಗಣ್ಣಿನಿಂದ ನೋಡಿದರು.

"ಇಂಥಾ ಕಡೆ ಬಿಸಿಯಾಗುತ್ತೆ, ಅಲ್ವಾ?"

"ಆಗಬಹುದು."

ಆಗಲಿಲ್ಲ. ನಾನು ಯಾಕೋ ಹೆದ್ದಾರಿ ಬಿಟ್ಟು ಸುತ್ತುದಾರಿ ಹಿಡಿದೆ. ಗುಂಡಿಗಳಿದ್ದ ಕೆಟ್ಟ ದಾರಿ. ದಾರಿ ತಪ್ಪಿದೆಯಾ ಎಂದು ಅವರು ಕೇಳಲಿಲ್ಲ. ದಡಬಡ ಎನ್ನುತ್ತಾ ಎಲ್ಲ ಗುಂಡಿಗಳನ್ನೂ ದಾಟಿ, ಒಂದೇ ಒಂದು ಹನಿ ಚೆಲ್ಲದೆ, ನಮ್ಮ ಕಾರು ನಾದಿನಿಯ ಗೇಟಿನ ಮುಂದೆ ಬಂದು ನಿಂತಿತು.

ನಾದಿನಿ ಓಡಿಬಂದಳು. "ಅತ್ತಿಗೆ! ನೀವೇ ಪೈಪು ಹಾಕಿದ್ರಂತೆ! ಅಮ್ಮ ಫೋನಲ್ಲಿ ಹೇಳಿದ್ರು!" ಅವಳ ಗಂಡ ಬಾನೆಟ್ಟು ತೆಗೆಸಿ, ಬೆರಳಿನಿಂದ ಪೈಪು ಮುಟ್ಟಿ ನೋಡಿ, "ಗ್ಯಾರೇಜಿನವರೂ ಇಷ್ಟು ಗಟ್ಟಿ ಹಾಕಲ್ಲ" ಎಂದ. ಹೊಗಳಿಕೆ ಎಂದರೆ ನನಗೆ ಪ್ರಾಣ. ಆ ಹೊತ್ತಿನಲ್ಲಿ ಒಂದು ಅಕ್ಷರವೂ ಕಿವಿಗೆ ಹಿತವಾಗಲಿಲ್ಲ. ಬ್ಯಾಗುಗಳು ಒಳಗೆ ಹೋದವು. ದಿಂಬು ಹೋಯಿತು. ಅತ್ತೆಗೆ ಕೊಟ್ಟ ಕೋಣೆಗೆ ಬಿಸಿಲು ಚೆನ್ನಾಗಿ ಬರುತ್ತಿತ್ತು, ಬಚ್ಚಲಿನ ಗೋಡೆಗೆ ಹಿಡಿದುಕೊಳ್ಳಲು ಕಂಬಿ ಹಾಕಿಸಿದ್ದರು. ಎಲ್ಲವೂ ಸರಿಯಾಗಿತ್ತು. ಊಟ ಮಾಡಿದೆ, ಹೊರಟೆ.

"ಬರ್ತೀನಿ ಅತ್ತೆ."

ಅವರು ಗೇಟಿನವರೆಗೂ ಬಂದರು. ಗೇಟು ದಾಟಿ ಕಾರಿನವರೆಗೂ ಬಂದರು. ನಾನು ಸೀಟಿನಲ್ಲಿ ಕೂತು ಗಾಜು ಇಳಿಸಿದೆ. ಒಂದಾದರೂ ಒಳ್ಳೆಯ ಮಾತು ಆಡಿಯಾರು ಎಂದು ಕತ್ತು ಚಾಚಿದೆ. ಅವರು ಕಿಟಕಿಗೆ ಎರಡೂ ಕೈಯಿಟ್ಟು, ಒಳಗೆ ಬಗ್ಗಿ, ಮಗಳಿಗೆ ಕೇಳಿಸದಷ್ಟು ಮೆಲ್ಲಗೆ, ಆದರೆ ನಮ್ಮ ಅಡುಗೆಮನೆಯಲ್ಲಿ ಗದರುವ ಅದೇ ದನಿಯಲ್ಲಿ ಕೇಳಿದರು:

"ಅಲ್ಲ, ನಮ್ಮನೆಗೆ ಬಂದಾಗಿಂದ ಒಂದು ಕೆಲಸಾನೂ ನೆಟ್ಟಗೆ ಮಾಡಿದೋಳಲ್ಲ ನೀನು. ಇದೊಂದನ್ನ ಇಷ್ಟು ಚೆನ್ನಾಗಿ ಮಾಡು ಅಂತ ಯಾರು ಹೇಳಿದ್ರು ನಿಂಗೆ?"